ಯೋಗಶಿಕ್ಷಕನಾಗುವ ಬಗೆ

ಯಾವ ವಿದ್ಯೆಯೇ ಆಗಲಿ, ಅದನ್ನು ತಾನು ಬಲ್ಲವನಾಗುವುದು ಒಂದು. ಅದನ್ನು ಇನ್ನೊಬ್ಬರಿಗೆ ಕಲಿಸಬಲ್ಲವನಾಗುವುದು ಮತ್ತೊಂದು. ಈಜು ಬಲ್ಲವರೆಲ್ಲರೂ ಈಜು ಕಲಿಸಲಾರರು. ಇಂಪಾಗಿ ಹಾಡುವವರೆಲ್ಲರೂ ಸಂಗೀತದ ಉಪಾಧ್ಯಾಯರಾಗಲಾರರು. ಯೋಗವಿದ್ಯೆಯ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯವಾಗಿದೆ. ಹಾಡುವಾಗ ತಪ್ಪಿದರೆ ಶ್ರುತಿ ಕೆಡುತ್ತದೆ. ಆಸನದಲ್ಲಿ ತಪ್ಪಿದರೆ ಕಲಿಯುವವನ ಕುತ್ತಿಗೆಯೋ ಸೊಂಟವೋ ಮಂಡಿಯೋ ಕೆಡುತ್ತದೆ. ಆದುದರಿಂದ ಯೋಗವನ್ನು ಕಲಿಸಲು ಹೊರಡುವವನು ತಾನು ಮೊದಲು ಏನನ್ನು ಕಲಿತಿರಬೇಕು, ಯಾರಿಂದ ಕಲಿಯಬೇಕು, ಎಷ್ಟು ಕಾಲ ಕಲಿಯಬೇಕು ಎಂಬ ಪ್ರಶ್ನೆಗಳು ಅಲಕ್ಷ್ಯ ಮಾಡತಕ್ಕವಲ್ಲ.

೨೦೧೪ನೆಯ ಡಿಸೆಂಬರ್ ೧೧ರಂದು ವಿಶ್ವಸಂಸ್ಥೆಯು ಜೂನ್ ೨೧ನ್ನು ಅಂತರರಾಷ್ಟ್ರೀಯ ಯೋಗದಿನವೆಂದು ಸಾರಿತು. ೨೦೧೫ರಿಂದ ಆ ದಿನವನ್ನು ಶಾಲೆಗಳಲ್ಲಿಯೂ ಮೈದಾನಗಳಲ್ಲಿಯೂ ಆಚರಿಸುತ್ತಿದ್ದಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿಯೂ ಯೋಗಶಿಕ್ಷಕರಾಗಬೇಕೆಂಬ ಹಂಬಲವುಳ್ಳ ಯುವಕ ಯುವತಿಯರು ಇದ್ದಾರೆ. ಅವರ ತಾಯಿತಂದೆಗಳ ಮನಸ್ಸಿನಲ್ಲಿ ಎರಡು ಸಂದೇಹಗಳು ಹುಟ್ಟುವುದು ಸಹಜ: ಇದಕ್ಕಾಗಿ ವೆಚ್ಚ ಮಾಡುವ ಹಣವೂ ಕಾಲವೂ ಸಾರ್ಥಕವಾಗುವುವೇ? ಪ್ರಮಾಣಪತ್ರವೊಂದು ಕೈಸೇರಿದ ಮಾತ್ರಕ್ಕೆ ಶಿಕ್ಷಕನಾದಂತಾಯಿತೇ? ಈ ಲೇಖನದಲ್ಲಿ ನಾವು ಈ ಸಂದೇಹಗಳನ್ನು ಕ್ರಮವಾಗಿ ವಿಚಾರ ಮಾಡೋಣ. ನಮ್ಮ ನಾಡಿನಲ್ಲಿಯೇ ನಡೆದುಹೋದ ಒಂದು ಸಂಗತಿಯು ಇದಕ್ಕೆ ಒಳ್ಳೆಯ ದಾರಿ ತೋರಿಸುತ್ತದೆ.

೧. ಮೈಸೂರಿನ ಯೋಗಶಾಲೆ

ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ ೧೮೮೮ರಲ್ಲಿ ಜನಿಸಿದ ತಿರುಮಲೆ ಕೃಷ್ಣಮಾಚಾರ್ಯರು ಸಂಸ್ಕೃತ ಶಾಸ್ತ್ರಗಳಲ್ಲಿಯೂ ಯೋಗದಲ್ಲಿಯೂ ಬಹುಕಾಲ ಪರಿಶ್ರಮಪಟ್ಟವರು. ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಒಂದು ಯೋಗಶಾಲೆಯು ಪ್ರಾರಂಭವಾಯಿತು. ಕೃಷ್ಣಮಾಚಾರ್ಯರು ಅದರ ಆಚಾರ್ಯರಾದರು. ಮಾರನೆಯ ವರ್ಷ, ಎಂದರೆ ೧೯೩೪ರಲ್ಲಿ, ಅವರು ರಚಿಸಿದ ‘ಯೋಗಮಕರಂದ’ವೆಂಬ ಗ್ರಂಥವು ಪ್ರಕಟವಾಯಿತು. ಇಂದು ದೇಶವಿದೇಶಗಳ ಯೋಗಶಿಕ್ಷಕರು ಭಾಷಾಂತರದಲ್ಲಿ ಓದುವ ಈ ಗ್ರಂಥವು ಮೊದಲು ಬರೆಯಲ್ಪಟ್ಟುದು ಕನ್ನಡದಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ೧೯೫೦ರಲ್ಲಿ ಆ ಶಾಲೆಯು ಮುಚ್ಚಿತು. ಕೃಷ್ಣಮಾಚಾರ್ಯರು ಕೆಲವು ಕಾಲದ ಮೇಲೆ ಮದರಾಸಿಗೆ ಹೋಗಿ ನೆಲಸಿ, ೧೯೮೯ರಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ಕಾಲವಾದರು.

ಆ ಆಚಾರ್ಯರ ಬಳಿ ಕಲಿತವರನ್ನು ನೋಡಿರಿ. ಹಾಸನ ಜಿಲ್ಲೆಯ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಮೈಸೂರಿನ ಸಂಸ್ಕೃತ ಪಾಠಶಾಲೆಯಲ್ಲಿ ೧೯೩೭ರಿಂದ ೧೯೭೩ರವರೆಗೆ ಯೋಗವನ್ನು ಬೋಧಿಸಿದರು. ೧೯೬೨ರಲ್ಲಿ ‘ಯೋಗಮಾಲಾ’ ಎಂಬ ಗ್ರಂಥವನ್ನು ಕನ್ನಡದಲ್ಲಿ ಪ್ರಕಟಿಸಿದರು. ಒಂದು ಆಸನದಿಂದ ಮತ್ತೊಂದಕ್ಕೆ ಉಸಿರಿನ ಲೆಕ್ಕದೊಡನೆ ಸಾಗುವ ಬಿರುಸಾದ ಕ್ರಮ ಅವರದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯಗಳಿಂದ ನರಳಿದ ನಿತ್ರಾಣ ಬಾಲಕ. ೧೯೩೭ರಲ್ಲಿ ಅವರನ್ನು ಆರು ತಿಂಗಳ ಮಟ್ಟಿಗೆ ಪುಣೆಗೆ ಕಲಿಸಲು ಕಳುಹಿಸಲಾಯಿತು. ಅವರು ಅಲ್ಲಿಯೇ ನಿಂತು ೨೦೧೪ರಲ್ಲಿ ಅಲ್ಲಿಯೇ ದಿವಂಗತರಾದರು. ಪ್ರತಿಯೊಂದು ಆಸನದಲ್ಲಿಯೂ ಅಂಗಾಂಗಗಳ ನೇರವನ್ನು ಸೂಕ್ಷ್ಮವಾಗಿ ತಿದ್ದುವುದು, ದುರ್ಬಲರಿಗೆ ಮರದ ತುಂಡು, ಪಟ್ಟಿ, ಕಂಬಳಿ, ಕುರ್ಚಿಗಳ ಆಸರೆ ಕೊಡುವುದು ಅವರ ಕ್ರಮ. ಲಾಟ್ವಿಯದ ರೀಗಾ ನಗರದಲ್ಲಿ ಹುಟ್ಟಿದ ಇಂದ್ರಾದೇವಿಯೆಂಬ ಮಹಿಳೆಯನ್ನು ಶಿಷ್ಯೆಯಾಗಿ ಸ್ವೀಕರಿಸಲು ಆಚಾರ್ಯರು ಮೊದಲು ಒಪ್ಪಲಿಲ್ಲ. ಮಹಾರಾಜರ ಮಾತಿನ ಮೇಲೆ ಒಪ್ಪಿದರು. ಆಕೆ ಮುಂದೆ ಷಾಂಘೈಯಲ್ಲಿಯೂ ಅಮೆರಿಕೆಯಲ್ಲಿಯೂ ಮೃದುವಾದ ಕ್ರಮದಲ್ಲಿ ಯೋಗವನ್ನು ಕಲಿಸಿದರು.

ಗುರುವು ಒಬ್ಬನೇ; ಶಿಷ್ಯರು ಕಲಿಸಿದ ಕ್ರಮಗಳು ಮೂರು ಬಗೆ. ಇದರ ಕಾರಣವೇನು? ಬಲಿಷ್ಠ ಬಾಲಕನಿಗೆ ಒಪ್ಪುವ ಅಭ್ಯಾಸವು ರೋಗಿಗೆ ಒಪ್ಪದು. ರೋಗಿಗೆ ಒಪ್ಪುವುದು ಬಾಲಕನಿಗೆ ಸಾಲದು. ಶಿಷ್ಯನ ವಯಸ್ಸು, ಶಕ್ತಿ, ಕಸಬುಗಳನ್ನು ಅರಿತು ಅಭ್ಯಾಸವನ್ನು ಗೊತ್ತುಮಾಡಬೇಕೆಂಬುದು ಕೃಷ್ಣಮಾಚಾರ್ಯರು, ಮುಖ್ಯವಾಗಿ ಮದರಾಸಿನ ದಿನಗಳಲ್ಲಿ, ಒತ್ತಿ ಹೇಳಿದ ತತ್ತ್ವ. ಎದುರಿಗಿರುವ ಮನುಷ್ಯನನ್ನು ನೋಡಬಲ್ಲವನೇ ಶಿಕ್ಷಕ. ತಾನು ಕಲಿತುದನ್ನು ಹಾಗೆಯೇ ಒಪ್ಪಿಸುವವನು ಇನ್ನೂ ವಿದ್ಯಾರ್ಥಿ.

೨. ಕೊಯಮತ್ತೂರು ಸೀಮೆಯಲ್ಲಿ

ಕೊಯಮತ್ತೂರು ಸೀಮೆಗೂ ಕನ್ನಡ ನಾಡಿಗೂ ಇರುವ ನಂಟು ಹಳೆಯದು. ಕೊಳ್ಳೇಗಾಲ ತಾಲ್ಲೂಕು ೧೯೫೬ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ನೇಯ್ಗೆಯನ್ನು ಕುಲಕಸಬಾಗಿ ಉಳ್ಳ ದೇವಾಂಗರು, ಬೇಸಾಯಗಾರರಾದ ಒಕ್ಕಲಿಗರು ಈ ಸೀಮೆಯಲ್ಲಿ ತಲೆತಲಾಂತರಗಳಿಂದ ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಾಳಿದ್ದಾರೆ. ೨೦೦೯ರಲ್ಲಿ ಕೊಯಮತ್ತೂರು, ಈರೋಡು ಜಿಲ್ಲೆಗಳ ಭಾಗಗಳನ್ನು ಕೂಡಿಸಿ ತಿರುಪ್ಪೂರು ಜಿಲ್ಲೆಯನ್ನು ರಚಿಸಲಾಯಿತು.

ಯೋಗವು ಈ ನೆಲಕ್ಕೆ ಹೊಸದಲ್ಲ. ತಮಿಳಿನ ಸಿದ್ಧರಲ್ಲಿ ಒಬ್ಬರಾದ ತಿರುಮೂಲರ ‘ತಿರುಮಂದಿರ’ವು ಮೂರು ಸಾವಿರಕ್ಕೂ ಮೇಲ್ಪಟ್ಟ ಪದ್ಯಗಳ ಗ್ರಂಥ, ಅದರಲ್ಲಿ ಅಷ್ಟಾಂಗಯೋಗದ ನಿರೂಪಣೆಯುಂಟು. ಇತ್ತೀಚಿನ ಕಾಲಕ್ಕೆ ಬಂದರೆ, ಪೊಳ್ಳಾಚಿಯ ಆಚೆ ಆನೆಮಲೆಯ ತಪ್ಪಲಿನ ಆಳಿಯಾರಿನಲ್ಲಿ ವೇದಾತ್ತಿರಿ ಮಹರ್ಷಿಗಳು ಸ್ಥಾಪಿಸಿದ ಕೇಂದ್ರವಿದೆ. ೧೯೧೧ರಲ್ಲಿ ಗುಡುವಾಂಚೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ೨೦೦೬ರಲ್ಲಿ ಕಾಲವಾದ ಅವರು ದುಡಿಯುವ ಜನರೂ ಮಾಡಬಹುದಾದ ಸರಳ ವ್ಯಾಯಾಮಗಳ ಕ್ರಮವನ್ನು ಏರ್ಪಡಿಸಿದರು. ಮಗ್ಗದ ಮನೆಯಿಂದ ಬಂದವರು ದೇಹಶ್ರಮದ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠವನ್ನು ಗೊತ್ತುಮಾಡಿದರೆಂಬುದು ಗಮನಾರ್ಹ.

ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟದ ತಪ್ಪಲಿನಲ್ಲಿ ಈಶ ಯೋಗಕೇಂದ್ರವಿದೆ. ಅದರ ಸ್ಥಾಪಕರಾದ ಜಗ್ಗಿ ವಾಸುದೇವರು ೧೯೫೭ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ತಾವು ಮೊದಲು ಆಸನಗಳನ್ನು ಕಲಿತುದು ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳಿಂದ ಎಂದು ಅವರೇ ಹೇಳಿರುತ್ತಾರೆ. ‘ತಿರುಕ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ, ೧೯೯೬ರಲ್ಲಿ ಕಾಲವಾದ ಈ ಸ್ವಾಮಿಗಳು ಚಿತ್ರದುರ್ಗ ಜಿಲ್ಲೆಯ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮವನ್ನು ನಡೆಸುತ್ತ, ಊರೂರು ತಿರುಗಿ ಯೋಗ ಶಿಬಿರಗಳನ್ನು ನಡೆಸಿದವರು. ಹೀಗೆ ಕನ್ನಡ ಹಳ್ಳಿಯೊಂದರಲ್ಲಿ ಬಿತ್ತಿದ ಬೀಜವು ತಮಿಳುನಾಡಿನ ಬೆಟ್ಟದ ಬುಡದವರೆಗೂ ಹಬ್ಬಿತು. ಈ ಕೇಂದ್ರದಲ್ಲಿ ಹಠಯೋಗದ ಶಿಕ್ಷಕರಾಗಬಯಸುವವರಿಗೆ ೨೧ ವಾರಗಳ ವಸತಿಶಿಕ್ಷಣವನ್ನು ಏರ್ಪಡಿಸಿರುತ್ತಾರೆ.

೩. ಶಿಕ್ಷಕನು ಕಲಿಯತಕ್ಕ ವಿಷಯಗಳು

ಸಂಸ್ಥೆ ಯಾವುದಾದರೂ ಆಗಲಿ, ಯೋಗಶಿಕ್ಷಕನಾಗುವವನು ಕಲಿಯಬೇಕಾದ ವಿಷಯಗಳನ್ನು ಐದಾಗಿ ವಿಂಗಡಿಸಬಹುದು.

ಮೊದಲನೆಯದು ಸ್ವಂತ ಅಭ್ಯಾಸ. ತನ್ನ ಮೈಯಲ್ಲಿ ಪ್ರಯೋಗವಾಗದುದನ್ನು ಪರರ ಮೈಯಲ್ಲಿ ಪ್ರಯೋಗಿಸತಕ್ಕದ್ದಲ್ಲ. ಬೆಳಗಿನ ಹೊತ್ತು, ಹೊಟ್ಟೆ ತುಂಬ ಉಂಡಿದ್ದರೆ ಮೂರು ನಾಲ್ಕು ಗಂಟೆಗಳು ಕಳೆದ ಮೇಲೆ, ನಿತ್ಯವೂ ತಪ್ಪದೆ ಮಾಡುವ ಅಭ್ಯಾಸವು ಇದರ ಅಡಿಪಾಯ.

ಎರಡನೆಯದು ಶಾಸ್ತ್ರಜ್ಞಾನ. ಪತಂಜಲಿಯ ಯೋಗಸೂತ್ರಗಳು ಇನ್ನೂರಕ್ಕಿಂತ ಕಡಿಮೆ. ಅವುಗಳಲ್ಲಿ ಯಮ, ನಿಯಮ, ಆಸನ, ಪ್ರಾಣಾಯಾಮ, ಪ್ರತ್ಯಾಹಾರ, ಧಾರಣ, ಧ್ಯಾನ, ಸಮಾಧಿಗಳೆಂಬ ಎಂಟು ಅಂಗಗಳನ್ನು ಹೇಳಿದೆ. ಆಸನವು ಎಂಟರಲ್ಲಿ ಒಂದು ಮಾತ್ರ. ಹದಿನೈದನೆಯ ಶತಮಾನದ ‘ಹಠಯೋಗಪ್ರದೀಪಿಕೆ’ಯು ವಿವರಿಸುವ ಆಸನಗಳು ೧೫, ಅನಂತರದ ‘ಘೇರಂಡಸಂಹಿತೆ’ಯು ವಿವರಿಸುವುವು ೩೨. ನೂರಾರು ಆಸನಗಳನ್ನು ಬಲ್ಲೆನೆಂಬ ಹೆಮ್ಮೆ ಇರುವವನು ಈ ಸಂಖ್ಯೆಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಮೂರನೆಯದು ಶರೀರದ ಅರಿವು. ಹುಟ್ಟುವಾಗ ನಮ್ಮ ಬೆನ್ನುಮೂಳೆಯಲ್ಲಿ ೩೩ ಕಶೇರುಗಳಿರುತ್ತವೆ: ಕುತ್ತಿಗೆಯಲ್ಲಿ ೭, ಎದೆಯ ಹಿಂದೆ ೧೨, ಸೊಂಟದಲ್ಲಿ ೫, ಅದರ ಕೆಳಗೆ ೫, ಬಾಲದ ಮೂಳೆಯಲ್ಲಿ ೪. ಕೊನೆಯ ಎರಡು ಗುಂಪಿನವು ಬೆಳೆದಂತೆ ಒಂದೊಂದಾಗಿ ಕೂಡಿಕೊಳ್ಳುವುದರಿಂದ ದೊಡ್ಡವರಲ್ಲಿ ಒಟ್ಟು ೨೬ ಮೂಳೆಗಳಾಗುತ್ತವೆ. ಮೇಲಿನ ಕಶೇರುಗಳ ನಡುವೆ ಮೆತ್ತೆಯಂತಹ ಬಿಲ್ಲೆಗಳುಂಟು. ತಲೆಯ ಭಾರವನ್ನು ಹೊರಲು ಹುಟ್ಟಿದ ಕುತ್ತಿಗೆಯ ಏಳು ಕಶೇರುಗಳ ಮೇಲೆ ಇಡೀ ಮೈಯ ಭಾರವನ್ನು ಹೇರುವ ಶೀರ್ಷಾಸನವನ್ನು ಯಾರಿಗೆಂದರೆ ಅವರಿಗೆ ಹೇಳಿಕೊಡುವುದು ಏಕೆ ಅಪಾಯವೆಂಬುದು ಇದನ್ನು ತಿಳಿದವನಿಗೆ ತಾನೇ ಹೊಳೆಯುತ್ತದೆ. ರಕ್ತದ ಒತ್ತಡ ಹೆಚ್ಚಿರುವವರಿಗೂ, ಕಣ್ಣಿನೊಳಗಿನ ಒತ್ತಡ ಏರುವ ಗ್ಲಾಕೋಮ ರೋಗವುಳ್ಳವರಿಗೂ, ಕುತ್ತಿಗೆಯಲ್ಲಿ ನೋವಿರುವವರಿಗೂ ಅದು ಸಲ್ಲದು.

ನಾಲ್ಕನೆಯದು ಕಲಿಸುವ ಕಲೆ. ಶಿಕ್ಷಣ ಪಡೆಯುವವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ ತಮ್ಮ ಸಹಪಾಠಿಗಳಿಗೆ ಪಾಠ ಹೇಳಿಸುವುದುಂಟು. ಸಭೆಗೆ ಎದುರಾಗಿ ನಿಂತ ಶಿಕ್ಷಕನು ‘ಬಲಗೈ ಎತ್ತಿರಿ’ ಎನ್ನುವಾಗ ತಾನು ಎಡಗೈಯನ್ನು ಎತ್ತಬೇಕು. ನೋಡುವವರಿಗೆ ಅದು ಕನ್ನಡಿಯಂತೆ ಇರಬೇಕು. ಇದು ಸಣ್ಣ ಸಂಗತಿಯೆಂದು ತೋರಬಹುದು. ರೂಢಿಯಾಗಲು ವಾರಗಳೇ ಬೇಕು. ಕೈ ಮೇಲೆತ್ತುವಾಗ, ಎದೆ ಬಿಚ್ಚುವಾಗ ಉಸಿರನ್ನು ಒಳಕ್ಕೆ. ಬಾಗುವಾಗ, ಹೊಟ್ಟೆ ಒತ್ತುವಾಗ ಉಸಿರನ್ನು ಹೊರಕ್ಕೆ. ಇದನ್ನು ಸಕಾಲದಲ್ಲಿ ಹೇಳುವುದೂ ಅಭ್ಯಾಸದಿಂದಲೇ ಬರತಕ್ಕದ್ದು.

ಐದನೆಯದು ನಡತೆ. ಅನುಮತಿಯಿಲ್ಲದೆ ಶಿಷ್ಯರ ಮೈ ಮುಟ್ಟಿ ತಿದ್ದಬಾರದು. ವೈದ್ಯರು ಕೊಟ್ಟ ಔಷಧವನ್ನು ಬಿಡಿರೆಂದು ಹೇಳಬಾರದು. ಯೋಗ ಮತ್ತು ಪ್ರಕೃತಿಚಿಕಿತ್ಸೆಯ ವೈದ್ಯರಾಗಲು ಐದೂವರೆ ವರ್ಷಗಳ ಪ್ರತ್ಯೇಕ ಪದವಿಶಿಕ್ಷಣವುಂಟು; ಅದನ್ನು ಪಡೆಯದ ಶಿಕ್ಷಕನು ರೋಗ ವಾಸಿಮಾಡುವೆನೆಂದು ಮಾತು ಕೊಡುವುದು ವಂಚನೆಯಾಗುತ್ತದೆ.

೪. ಒಂದೇ ಆಸನ, ಮೂವರು ಶಿಷ್ಯರು

ಇವೆಲ್ಲವೂ ಒಟ್ಟುಗೂಡಿ ಹೇಗೆ ಕೆಲಸಕ್ಕೆ ಬರುವುವೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಪಶ್ಚಿಮೋತ್ತಾನಾಸನವೆಂದರೆ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗಿ ಪಾದಗಳನ್ನು ಹಿಡಿಯುವ ಆಸನ. ಇದನ್ನು ಕಲಿಯಲು ಮೂವರು ಬಂದಿದ್ದಾರೆಂದು ಭಾವಿಸಿರಿ: ಹತ್ತು ವರ್ಷದ ಹುಡುಗ, ಐವತ್ತು ದಾಟಿದ ನೇಕಾರ, ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿ ಹೊಲಿಗೆಯಂತ್ರದ ಮುಂದೆ ದಿನವೆಲ್ಲ ಕುಳಿತು ದುಡಿಯುವ ಯುವತಿ.

ಹುಡುಗನು ಸುಲಭವಾಗಿ ಬಾಗುತ್ತಾನೆ. ಅವನಿಗೆ ಬೇಕಾದುದು ಬಾಗುವ ಶಕ್ತಿಯಲ್ಲ, ನಿಲ್ಲುವ ತಾಳ್ಮೆ. ನಾಲ್ಕೈದು ಉಸಿರಿನ ಕಾಲ ಅಲುಗದೆ ಇರುವುದನ್ನು ಆಟದಂತೆ ಹೇಳಿಕೊಟ್ಟರೆ ಸಾಕು. ಬೆನ್ನಿನ ಮೇಲೆ ಕೈಯಿಟ್ಟು ಒತ್ತಬೇಕಾಗಿಲ್ಲ.

ನೇಕಾರನ ಸಂಗತಿಯೇ ಬೇರೆ. ನೆಲದ ಗುಂಡಿಯಲ್ಲಿ ಕಾಲಿಟ್ಟು ಮಗ್ಗದ ಮೇಲೆ ಬಾಗಿ, ಲಾಳಿಯನ್ನು ಓಡಿಸುತ್ತ ಮೂವತ್ತು ವರ್ಷ ಕಳೆದವನ ಬೆನ್ನು ಮುಂದಕ್ಕೆ ಬಾಗಿಯೇ ಇದೆ. ಅವನ ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿದುಕೊಂಡಿವೆ. ಈ ಸ್ನಾಯುಗಳ ಮೇಲಿನ ತುದಿಯು ಕುಳಿತುಕೊಳ್ಳುವ ಮೂಳೆಗೂ, ಕೆಳತುದಿಯು ಮಂಡಿಯ ಕೆಳಗೂ ಅಂಟಿಕೊಂಡಿದೆ. ಅವು ಬಿಗಿಯಾಗಿದ್ದಾಗ ಸೊಂಟದ ಬಟ್ಟಲು ಮುಂದಕ್ಕೆ ವಾಲದು. ಆಗ ಪಾದ ಹಿಡಿಯಲೇಬೇಕೆಂದು ಹಟ ಹಿಡಿದರೆ ಬಾಗುವಿಕೆಯೆಲ್ಲ ಸೊಂಟದ ಐದು ಕಶೇರುಗಳ ಮೇಲೆ ಬಿದ್ದು, ನಡುವಣ ಬಿಲ್ಲೆಗಳು ಹಿಂದಕ್ಕೆ ಒತ್ತಲ್ಪಡುತ್ತವೆ. ತಿಳಿದ ಶಿಕ್ಷಕನು ಅವನನ್ನು ಮಡಿಸಿದ ಕಂಬಳಿಯ ಮೇಲೆ ಕೂರಿಸಿ, ಮಂಡಿಯನ್ನು ಸ್ವಲ್ಪ ಮಡಿಸಲು ಹೇಳಿ, ಎದೆಯನ್ನು ಮುಂದಿಟ್ಟು ಬಾಗುವಷ್ಟು ಮಾತ್ರ ಬಾಗಿಸುತ್ತಾನೆ. ಅದಕ್ಕಿಂತ ಮೊದಲು ತಾಡಾಸನದಲ್ಲಿ ನೆಟ್ಟಗೆ ನಿಲ್ಲುವುದನ್ನೂ, ಭುಜಂಗಾಸನದಲ್ಲಿ ಹಿತಮಿತವಾಗಿ ಎದೆಯೆತ್ತುವುದನ್ನೂ ಕಲಿಸುತ್ತಾನೆ. ದಿನವೆಲ್ಲ ಮುಂದೆ ಬಾಗಿದವನಿಗೆ ಮೊದಲು ಬೇಕಾದುದು ಇನ್ನಷ್ಟು ಮುಂದೆ ಬಾಗುವುದಲ್ಲ.

ಹೊಲಿಗೆ ಕೆಲಸದ ಯುವತಿಗೆ ಹೆಗಲೂ ಕುತ್ತಿಗೆಯೂ ನೋಯುತ್ತಿರುತ್ತವೆ. ಪಾಠಕ್ಕೆ ಮೊದಲು ಆಕೆಯನ್ನು ಕೆಲವು ಮಾತು ಕೇಳುವುದು ಶಿಕ್ಷಕಿಯ ಕರ್ತವ್ಯ: ನೋವು ಎಲ್ಲಿ, ಎಂದಿನಿಂದ, ಕೈಬೆರಳು ಜೋಮು ಹಿಡಿಯುವುದೇ, ಗರ್ಭಿಣಿಯೇ? ಬೆರಳು ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ಗರ್ಭಿಣಿಯಾಗಿದ್ದರೆ ಹೊಟ್ಟೆಯನ್ನು ಒತ್ತುವ ಆಸನಗಳು ಕೂಡವು.

ಮೂವರಿಗೂ ಸಮಾನವಾದ ಒಂದು ಗುರುತುಂಟು: ಉಸಿರು. ಉಸಿರು ಕಟ್ಟಿದರೆ, ದವಡೆ ಬಿಗಿದರೆ, ಹುಬ್ಬು ಗಂಟಿಕ್ಕಿದರೆ ಮಿತಿ ಮೀರಿತೆಂದು ತಿಳಿಯಬೇಕು. ಅದನ್ನು ಕಾಣಬೇಕಾದರೆ ಶಿಕ್ಷಕನ ಕಣ್ಣು ತನ್ನ ಆಸನದ ಅಂದದ ಮೇಲಿರದೆ ಶಿಷ್ಯನ ಮುಖದ ಮೇಲಿರಬೇಕು.

೫. ಗಂಟೆಗಳ ಲೆಕ್ಕ

ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು ೨೦೧೮ರಲ್ಲಿ ಯೋಗ ಪ್ರಮಾಣೀಕರಣ ಮಂಡಳಿಯನ್ನು ಏರ್ಪಡಿಸಿತು. ಅದು ಗೊತ್ತುಮಾಡಿದ ಶ್ರೇಣಿಗಳಲ್ಲಿ ಮೊದಲನೆಯ ಮೆಟ್ಟಿಲಿಗೆ ೨೦೦ ಗಂಟೆಗಳು, ಎರಡನೆಯದಕ್ಕೆ ೪೦೦, ಮೂರನೆಯದಕ್ಕೆ ೮೦೦, ನಾಲ್ಕನೆಯದಕ್ಕೆ ೧,೬೦೦ ಗಂಟೆಗಳ ಅಭ್ಯಾಸಕ್ರಮವುಂಟು. ಅಮೆರಿಕೆಯಲ್ಲಿ ರೂಢಿಗೆ ಬಂದು ಲೋಕದ ಬೇರೆಡೆಗೂ ಹಬ್ಬಿದ ಪ್ರಾಥಮಿಕ ಮಟ್ಟವೂ ೨೦೦ ಗಂಟೆಗಳೇ.

ವಿದ್ಯಾರ್ಥಿಗಳು ಸ್ವಲ್ಪ ಲೆಕ್ಕ ಮಾಡಲಿ. ದಿನಕ್ಕೆ ಎಂಟು ಗಂಟೆಯಂತೆ ಕಲಿತರೆ ೨೦೦ ಗಂಟೆಗಳು ೨೫ ದಿನಗಳಲ್ಲಿ ಮುಗಿಯುತ್ತವೆ. ದಿನಕ್ಕೆ ಒಂದು ಗಂಟೆಯಂತೆ ಕಲಿತರೆ ಅವೇ ೨೦೦ ಗಂಟೆಗಳು ಆರೂವರೆ ತಿಂಗಳನ್ನು ಮೀರುತ್ತವೆ. ಕಾಗದದ ಮೇಲೆ ಇವೆರಡೂ ಸಮ. ದೇಹದಲ್ಲಿ ಸಮವಲ್ಲ, ಸ್ನಾಯುಗಳು ಸಡಿಲವಾಗುವುದಕ್ಕೂ, ಕಣ್ಣು ಪಳಗುವುದಕ್ಕೂ ದಿನಗಳೇ ಬೇಕು. ಅಂದಮೇಲೆ ಇಪ್ಪತ್ತೈದು ದಿನಗಳ ತರಗತಿಯು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಹಲವು ವರ್ಷ ಅಭ್ಯಾಸ ಮಾಡಿದವನಿಗೆ ಅದು ತನ್ನ ತಿಳಿವನ್ನು ಕ್ರಮಪಡಿಸಿಕೊಳ್ಳುವ ಸಾಧನ. ಏನೂ ಅಭ್ಯಾಸವಿಲ್ಲದೆ ಸೇರಿದವನಿಗೆ ಅದು ಅಕ್ಷರಾಭ್ಯಾಸ ಮಾತ್ರ. ಅಕ್ಷರ ಕಲಿತ ತಿಂಗಳಿಗೇ ಯಾರೂ ಉಪಾಧ್ಯಾಯರಾಗುವುದಿಲ್ಲ.

೬. ಭಾಷೆಯ ಬಲ

ಆಸನಗಳ ಹೆಸರುಗಳು ಸಂಸ್ಕೃತ. ಕಲಿಯುವವರ ಮೈಗೆ ತಾಕುವ ಮಾತು ಅವರ ಮನೆಮಾತು. ಮರಾಠಿಯ ಊರಾದ ಪುಣೆಗೆ ಅಯ್ಯಂಗಾರರನ್ನು ಆರಿಸಿ ಕಳುಹಿಸಲು ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದೂ ಒಂದು ಕಾರಣವಾಗಿದ್ದಿತು. ಕೊಯಮತ್ತೂರು ಸೀಮೆಯ ಕನ್ನಡದ ಮಕ್ಕಳಿಗೆ ಕನ್ನಡ, ತಮಿಳು ಎರಡೂ ಬಾಯಲ್ಲಿವೆ. ಮಗ್ಗದ ಮನೆಯ ಅಜ್ಜಿಗೆ ‘ನಿಧಾನವಾಗಿ ಬಗ್ಗಜ್ಜಿ, ಉಸಿರು ಬಿಡಿ’ ಎಂದು ಹೇಳಿ, ಮರುಗಳಿಗೆಯಲ್ಲಿ ಪಕ್ಕದವರಿಗೆ ತಮಿಳಿನಲ್ಲಿ ಹೇಳಬಲ್ಲ ಶಿಕ್ಷಕಿಗೆ ಇರುವ ಅನುಕೂಲ ಸಾಮಾನ್ಯವಲ್ಲ. ಕನ್ನಡದ ‘ಉಸಿರು’ ಎಂಬ ಶಬ್ದಕ್ಕೂ ತಮಿಳಿನ ‘ಉಯಿರ್’ ಎಂಬ ಶಬ್ದಕ್ಕೂ ಬೇರು ಒಂದೇ. ತಮಿಳಿನಲ್ಲಿ ಅದರ ಅರ್ಥ ಪ್ರಾಣ. ಪ್ರಾಣಾಯಾಮವನ್ನು ಕಲಿಸುವವನಿಗೆ ಈ ಎರಡು ಮಾತುಗಳೇ ಒಂದು ಪಾಠವಾಗಬಲ್ಲವು. ಇದರ ಜೊತೆಗೆ ಕನ್ನಡ ಓದಲು ಬಲ್ಲವನು ‘ಯೋಗಮಕರಂದ’ವನ್ನು ಮೂಲದಲ್ಲಿಯೇ ಓದಬಹುದು. ಮನೆಯಲ್ಲಿ ಆಡುವ ಭಾಷೆಯ ಅಕ್ಷರವನ್ನೂ ಕಲಿತಿರುವುದರಿಂದ ಬರುವ ಲಾಭವಿದು.

೭. ತಾಯಿತಂದೆಗಳಿಗೂ ವಿದ್ಯಾರ್ಥಿಗಳಿಗೂ

ಮಕ್ಕಳನ್ನು ಶಿಕ್ಷಕರ ತರಬೇತಿಗೆ ಸೇರಿಸುವ ಮೊದಲು ತಾಯಿತಂದೆಗಳು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಕಲಿಸುವವರು ತಾವು ಎಷ್ಟು ವರ್ಷ, ಯಾರ ಬಳಿ ಕಲಿತವರು? ಶರೀರಶಾಸ್ತ್ರವನ್ನು ಅದನ್ನು ಬಲ್ಲವರೇ ಹೇಳಿಕೊಡುವರೇ? ಕಲಿಯುವವರು ನಿಜವಾದ ಶಿಷ್ಯರ ಮುಂದೆ ನಿಂತು ಕಲಿಸುವುದನ್ನು ಹಿರಿಯರು ನೋಡಿ ತಿದ್ದುವರೇ? ಪ್ರಮಾಣಪತ್ರ ದೊರೆತ ಮೇಲೂ ಸಂದೇಹ ಬಂದಾಗ ಹೋಗಿ ಕೇಳಲು ಅವಕಾಶವುಂಟೇ? ಇವಕ್ಕೆ ನೇರವಾದ ಉತ್ತರ ದೊರೆಯದ ಕಡೆ ಹಣ ಕಟ್ಟುವ ಆತುರ ಬೇಡ. ಪ್ರಮಾಣಪತ್ರವು ಉದ್ಯೋಗದ ಭರವಸೆಯೂ ಅಲ್ಲ. ಶಾಲೆಗಳ ದೈಹಿಕ ಶಿಕ್ಷಕರ ಹುದ್ದೆಗಳಿಗೆ ಬೇರೆ ಅರ್ಹತೆಗಳು ಬೇಕಾಗುತ್ತವೆ. ಆದುದರಿಂದ ಶಾಲೆಯ ವಿದ್ಯಾಭ್ಯಾಸವನ್ನು ನಡುವೆ ನಿಲ್ಲಿಸಿ ಈ ದಾರಿ ಹಿಡಿಯುವುದು ತರವಲ್ಲ.

ವಿದ್ಯಾರ್ಥಿಗಳೇ, ಈ ವಿದ್ಯೆಯಲ್ಲಿ ಆಸೆಯಿದ್ದರೆ ನೀವು ಯಾವ ಸಂಸ್ಥೆಗೂ ಹೋಗದೆ ಇಂದೇ ಒಂದು ಅಭ್ಯಾಸವನ್ನು ಪ್ರಾರಂಭಿಸಬಹುದು. ಸಂಜೆ ಮನೆಯಲ್ಲಿ ಕೆಲಸ ಮಾಡುತ್ತಿರುವ ಒಬ್ಬರನ್ನು, ಒಲೆಯ ಮುಂದಿರುವ ತಾಯಿಯನ್ನೋ, ಮಗ್ಗದಲ್ಲಿರುವ ತಂದೆಯನ್ನೋ, ಹತ್ತು ನಿಮಿಷ ಗಮನವಿಟ್ಟು ನೋಡಿರಿ. ಅವರ ಬೆನ್ನು ಎಲ್ಲಿ ಬಾಗುತ್ತದೆ, ಯಾವ ಹೆಗಲು ಮೇಲೇರುತ್ತದೆ, ಯಾವ ಕಾಲಿನ ಮೇಲೆ ಭಾರ ಹಾಕುತ್ತಾರೆ, ಉಸಿರು ಯಾವಾಗ ನಿಲ್ಲುತ್ತದೆ ಎಂಬುದನ್ನು ಒಂದು ಕಾಗದದಲ್ಲಿ ಬರೆಯಿರಿ. ಅನಂತರ ಅವರನ್ನೇ ಕೇಳಿ, ನೋವಿರುವುದು ಎಲ್ಲಿ ಎಂದು ತಿಳಿದು, ನೀವು ಬರೆದುದರೊಡನೆ ಹೋಲಿಸಿ ನೋಡಿರಿ. ಯೋಗಶಿಕ್ಷಕನ ಮೊದಲನೆಯ ಪಾಠವು ಇದೇ ಆಗಿದೆ.